ರಾತ್ರಿಗೆ ಏನು ಮಾಡುವುದು?

ಸಾಗರ ಸೀಮೆಯಿಂದ

ಪ್ರಿಯ ಗೆಳೆಯ,

ನಿನ್ನ ಪತ್ರ ತಲುಪಿತು. ಹೆಂಡತಿಗೆ ಬೇರೆ ಊರಿಗೆ ವರ್ಗವಾದ ಮೇಲೆ ಮಗನ ಮತ್ತು ನಿನ್ನ ರಾತ್ರಿಯೂಟದ ಹೊಣೆ ನಿನ್ನ ತಲೆಗೇ ಬಂದಿದೆಯೆಂದೂ, ನಾನು ಇದೇ ಕೆಲಸವನ್ನು ಬಹಳ ಕಾಲದಿಂದ ಮಾಡಿಕೊಂಡು ಬಂದಿರುವುದರಿಂದ ನನಗೀಗ ಅದರಲ್ಲಿ ರುಚಿ ಹತ್ತಿರಬೇಕೆಂದೂ ಬರೆದಿದ್ದೀಯೆ. ರುಚಿಯೇನೂ ಹತ್ತಿಲ್ಲ ಮಾರಾಯ. ನನಗೆ ಅಡುಗೆ ಆಗಲೂ ಇಷ್ಟವಿರಲಿಲ್ಲ, ಈಗಲೂ ಇಲ್ಲ. ಅಡುಗೆ ಮಾಡುತ್ತಿದ್ದರೆ ಮನಸ್ಸಿಗೆ ಶಾಂತಿ ಸಿಗುತ್ತದೆ, ಅದೊಂದು ಧ್ಯಾನ ಎಂದೆಲ್ಲ ಹೇಳುವವರನ್ನು ಕಂಡಾಗ, ಇವರ ಮನೆಯಲ್ಲಿ ಪಾತ್ರೆ ತೊಳೆಯುವವರು ಬೇರೆ ಯಾರೋ ಇರಬೇಕು ಎಂದುಕೊಳ್ಳುತ್ತೇನೆ. ಆದರೆ ಇಷ್ಟವಿಲ್ಲದೆಯೂ ದಿನವೂ ಹದವಾದ ಊಟವನ್ನು ಬಡಿಸಬಹುದು, ಅದಕ್ಕೆ ಬೇಕಾದ ದಾರಿ ನಮ್ಮ ಮಲೆನಾಡಿನ ಅಡುಗೆಮನೆಯಲ್ಲೇ ಇದೆ ಎಂಬುದನ್ನು ಮಾತ್ರ ನಿನಗೆ ಧೈರ್ಯವಾಗಿ ಹೇಳಬಲ್ಲೆ.

ಕೆಲಸಕ್ಕಿಂತ ಕಷ್ಟವಾದದ್ದು ತೀರ್ಮಾನ. ತರಕಾರಿ ಹೆಚ್ಚುವುದು, ಕಾಯಿ ತುರಿಯುವುದು, ಒಗ್ಗರಣೆ ಹಾಕುವುದು ಇವೆಲ್ಲ ದಿನ ಕಳೆದಂತೆ ಕೈಗೆ ಹತ್ತುತ್ತವೆ. ಆದರೆ ಮಧ್ಯಾಹ್ನ ತೋಟಕ್ಕೆ ಇಳಿದ ಹೊತ್ತಿನಿಂದಲೇ ತಲೆ ಕೊರೆಯತೊಡಗುವ ‘ರಾತ್ರಿಗೆ ಏನು ಮಾಡುವುದು’ ಎಂಬ ಪ್ರಶ್ನೆ ಎಷ್ಟು ಅಭ್ಯಾಸವಾದರೂ ಹಗುರಾಗುವುದಿಲ್ಲ. ಅಮ್ಮನಿಗೆ ಹಲ್ಲಿಲ್ಲ, ಖಾರ ಆಗದು, ರಾತ್ರಿ ಬೇಳೆ ತಿಂದರೆ ಹೊಟ್ಟೆ ಉಬ್ಬರಿಸುತ್ತದೆ. ಮಗಳಿಗೆ ಹಾಗಲಕಾಯಿ, ಬಸಳೆ, ಸೋರೆಕಾಯಿ ಮೂರೂ ವರ್ಜ್ಯ. ನಮ್ಮ ಹಿತ್ತಿಲಿನಲ್ಲಿ ಧಾರಾಳವಾಗಿ ಆಗುವುದು ಇವೇ ಮೂರು. ಶಾಲೆ ಮುಗಿಸಿ, ಎರಡು ಬಸ್ಸು ಬದಲಿಸಿ, ಕತ್ತಲಾದ ಮೇಲೆ ಮನೆ ಸೇರುವ ನನ್ನಾಕೆಗೆ ಏನಿದ್ದರೂ ಆದೀತು, ಆದರೆ ಬೇಗ ಆಗಬೇಕು. ಹಾಗೆಂದು ಅವಳು ಬಾಯಿಬಿಟ್ಟು ಹೇಳಿದವಳಲ್ಲ. ಜಗುಲಿಯಲ್ಲಿ ಚಪ್ಪಲಿ ಬಿಡುವ ಸದ್ದಿನಲ್ಲೇ ಗೊತ್ತಾಗುತ್ತದೆ.

ಹೊರಗಿನವರಿಗೆ ಮಲೆನಾಡಿನ ಅಡುಗೆ ಎಂದರೆ ಪತ್ರೊಡೆ, ಕೊಟ್ಟೆಕಡುಬು, ತೊಡೆದೇವು. ಇವು ಮನೆ ತುಂಬ ಜನವಿದ್ದ ಕಾಲದ ಅಡುಗೆಗಳು. ಮಡಕೆಯನ್ನು ಬೋರಲು ಹಾಕಿ, ಕಾದ ಅದರ ಬೆನ್ನಿಗೆ ಕಬ್ಬಿನ ಹಾಲಿನಲ್ಲಿ ಕಲಸಿದ ಹಿಟ್ಟನ್ನು ಬಳಿದು, ಹರಿಯದಂತೆ ತೊಡೆದೇವು ಎಬ್ಬಿಸುವ ವ್ಯವಧಾನ ನನಗಂತೂ ಈ ಜನ್ಮದಲ್ಲಿ ಬರುವಂಥದ್ದಲ್ಲ. ಆದರೆ ಅದೇ ಮನೆಗಳಲ್ಲಿ ಕೊನೆಕೊಯ್ಲಿನ ದಿನಗಳೂ ಇದ್ದವು. ಅಂಗಳದಲ್ಲಿ ರಾಶಿ ಬಿದ್ದ ಹಸಿ ಅಡಕೆಯನ್ನು ಮೆಟ್ಟುಗತ್ತಿಯ ಮುಂದೆ ಕುಳಿತು ರಾತ್ರಿಯವರೆಗೂ ಸುಲಿಯುವವರು ಒಂದು ಕಡೆ, ಹಂಡೆಯಲ್ಲಿ ಬೇಯುವ ಅಡಕೆಯ ಹದ ನೋಡುವವರು ಇನ್ನೊಂದು ಕಡೆ. ಆ ದಿನಗಳಲ್ಲಿ ಮನೆಯ ಹೆಂಗಸರಿಗೆ ಒಲೆಯ ಮುಂದೆ ಕೂರಲು ಎಲ್ಲಿಯ ಪುರುಸೊತ್ತು? ಒಲೆಯ ಮುಂದೆ ಹೆಚ್ಚು ಹೊತ್ತು ಕೂರದೆ ಮುಗಿಯುವ ತಂಬುಳಿ, ಮೊಸರು ಬೆರೆಸಿದ ಹಶಿ, ಗೊಜ್ಜುಗಳು ದೇಹಕ್ಕೆ ತಂಪು, ಪಿತ್ತಕ್ಕೆ ಒಳ್ಳೆಯದು ಎಂದು ಹೇಳುವವರು ಹೇಳಲಿ. ಪುರುಸೊತ್ತಿಲ್ಲದವರ ಮತ್ತು ಒಲೆಯೆಂದರೆ ಬೇಸರ ಬಂದವರ ಕೈಯಲ್ಲೇ ಅವು ಬೆಳೆದವೆಂಬುದು ನನ್ನ ಬಲವಾದ ಗುಮಾನಿ. ನಾನು ಆ ಪರಂಪರೆಗೆ ಸೇರಿದವನು.

ಒಂದೆಲಗದ ತಂಬುಳಿಯನ್ನೇ ನೋಡು. ತೋಟದ ಬಸಿಗಾಲುವೆಯ ಅಂಚಿನಿಂದ ಒಂದು ಹಿಡಿ ಎಲೆ ಕಿತ್ತು, ಮಣ್ಣು ಹೋಗುವಂತೆ ಎರಡು ಮೂರು ನೀರಿನಲ್ಲಿ ತೊಳೆಯಬೇಕು. ಅರ್ಧ ಚಮಚ ಜೀರಿಗೆ, ನಾಲ್ಕು ಕಾಳುಮೆಣಸನ್ನು ತುಪ್ಪದಲ್ಲಿ ಹುರಿದು, ಎಲೆ ಮತ್ತು ಒಂದು ಹಿಡಿ ಕಾಯಿತುರಿಯ ಜೊತೆ ನುಣ್ಣಗೆ ಬೀಸಿ, ಮಜ್ಜಿಗೆಗೆ ಬೆರೆಸಿ, ಉಪ್ಪು ಹಾಕಿ, ಸಾಸಿವೆ ಒಣಮೆಣಸಿನ ಒಗ್ಗರಣೆ ಕೊಟ್ಟರೆ ಮುಗಿಯಿತು. ಕುದಿಸುವ ಹಾಗಿಲ್ಲ, ಕುದಿಸಿದರೆ ಮಜ್ಜಿಗೆ ಒಡೆದು ನೀರೇ ಬೇರೆ, ಗಸಿಯೇ ಬೇರೆ ಆಗುತ್ತದೆ. ದೊಡ್ಡಪತ್ರೆಯಾದರೆ ಮಾತ್ರ ಎಲೆಯನ್ನೂ ಬಾಡಿಸಿಕೊಳ್ಳಬೇಕು, ಇಲ್ಲವಾದರೆ ಘಾಟು. ಎಲೆ ಸಿಗದ ದಿನ ಶುಂಠಿ, ಅದೂ ಇಲ್ಲದಿದ್ದರೆ ಹುರಿದ ಮೆಂತೆ. ಬೇಸಿಗೆಯಲ್ಲಿ ಇದಕ್ಕೆ ಬದಲಾಗಿ ಅಪ್ಪೆಹುಳಿ: ಹುಳಿ ಮಾವಿನಕಾಯಿಯನ್ನು ಬೇಯಿಸಿ, ಹಿಂಡಿ, ನೀರು ಬೆರೆಸಿ, ಉಪ್ಪು ಹಾಕಿ, ಸೂಜಿಮೆಣಸು ಮತ್ತು ಇಂಗಿನ ಒಗ್ಗರಣೆ ಕೊಟ್ಟರೆ ಅನ್ನಕ್ಕೂ ಆಯಿತು, ಕುಡಿಯಲಿಕ್ಕೂ ಆಯಿತು. ಜೊತೆಗೊಂದು ಪಲ್ಯವಿದ್ದರೆ ನನ್ನ ಮನೆಯಲ್ಲಿ ಯಾರೂ ತಕರಾರು ಮಾಡುವುದಿಲ್ಲ.

ಮಳೆಗಾಲದಲ್ಲಿ ಈ ವಿದ್ಯೆಗೂ ಅಡ್ಡಿ ಬರುತ್ತದೆ. ಎಲ್ಲೋ ಒಂದು ಮರ ತಂತಿಯ ಮೇಲೆ ಬಿದ್ದರೆ ಆಯಿತು, ಸಂಜೆಯ ಕರೆಂಟಿನ ಆಸೆ ಬಿಡಬೇಕು. ಮಿಕ್ಸಿಯಿಲ್ಲದೆ ತಂಬುಳಿಯಿಲ್ಲ, ಹಿತ್ತಿಲಿನ ಒರಳಿನಲ್ಲಿ ಬೀಸುವಷ್ಟು ಶ್ರದ್ಧೆ ನನ್ನಲ್ಲಿಲ್ಲ. ಆದ್ದರಿಂದ ಜೂನ್ ಬಂತೆಂದರೆ ಮಧ್ಯಾಹ್ನ ಕರೆಂಟು ಇರುವಾಗಲೇ ಮಸಾಲೆ ಬೀಸಿಟ್ಟುಕೊಳ್ಳುತ್ತೇನೆ. ಶಿವಮೊಗ್ಗ ಪೇಟೆಯಲ್ಲಿರುವ ನಿನಗೆ ಈ ತಾಪತ್ರಯ ಅಷ್ಟಿರಲಾರದು, ಆದರೆ ಬಸಿಗಾಲುವೆಯೂ ಇಲ್ಲವಲ್ಲ. ದೊಡ್ಡಪತ್ರೆಯ ಒಂದು ಕಡ್ಡಿಯನ್ನು ಕುಂಡದಲ್ಲಿ ಚುಚ್ಚಿಬಿಡು, ಅದು ಯಾರ ಆರೈಕೆಯನ್ನೂ ಕೇಳದೆ ಬೆಳೆಯುತ್ತದೆ.

ಎರಡು ವಸ್ತುಗಳಿಂದ ದೂರವಿರು. ಸಂತೆಯಲ್ಲಿ ಕಳಲೆ ಕಂಡು ಆಸೆಪಡಬೇಡ. ಎಳೆಬಿದಿರಿನಲ್ಲಿ ಸಯನೈಡ್ ಬಿಡುವ ಅಂಶವಿರುವುದರಿಂದ ಹೆಚ್ಚಿದ ಹೋಳುಗಳನ್ನು 2-3 ದಿನ ನೀರಿನಲ್ಲಿ ನೆನೆಹಾಕಿ, ದಿನವೂ ನೀರು ಬದಲಿಸಿ, ಆಮೇಲೆ ಚೆನ್ನಾಗಿ ಬೇಯಿಸಬೇಕು. ಇವತ್ತಿನ ಊಟದ ಯೋಚನೆಯೇ ಸಾಕಾಗಿರುವವನಿಗೆ ನಾಡಿದ್ದಿನ ಪಲ್ಯದ ಯೋಚನೆ ಯಾಕೆ? ಕೆಸುವಿನ ಎಲೆಯ ಕರಕಲಿಯೂ ಅಷ್ಟೆ. ಆ ಎಲೆಯೊಳಗೆ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳಿರುತ್ತವೆ. ಹುಳಿಯನ್ನು ಕೈಬಿಚ್ಚಿ ಹಾಕಿ, ಎಲೆ ಕರಗಿ ಮುದ್ದೆಯಾಗುವ ತನಕ ಬೇಯಿಸದಿದ್ದರೆ ಮನೆಮಂದಿಯೆಲ್ಲ ಗಂಟಲು ಕೆರೆಸಿಕೊಳ್ಳುತ್ತ ರಾತ್ರಿ ಕಳೆಯಬೇಕಾಗುತ್ತದೆ.

ಇಷ್ಟೆಲ್ಲ ಸೋಮಾರಿತನದ ಉಪದೇಶ ಮಾಡಿದವನು ಅಕ್ಕಿರೊಟ್ಟಿಯನ್ನು ಬಿಡದೆ ಮಾಡುತ್ತೇನೆಂದರೆ ನಗುತ್ತೀಯೇನೋ. ಅಮ್ಮ ಅದನ್ನು ಹಾಲಿನಲ್ಲಿ ನೆನೆಸಿ ತಿನ್ನುತ್ತಾಳೆ, ಬೇರೆ ಯಾವುದೂ ಅವಳಿಗೆ ಅಷ್ಟು ಸೇರುವುದಿಲ್ಲ, ಅದಕ್ಕಾಗಿ. ಒಂದು ಲೋಟ ನೀರಿಗೆ ಉಪ್ಪು ಹಾಕಿ, ಅದು ಮರಳುವಾಗ ಒಂದು ಲೋಟ ಅಕ್ಕಿಹಿಟ್ಟು ಸುರಿದು, ಉರಿ ತಗ್ಗಿಸಿ ಮುಚ್ಚಿಟ್ಟು, ಉಕ್ಕರಿಸಿದ ಹಿಟ್ಟನ್ನು ಬಿಸಿಯಿರುವಾಗಲೇ ನಾದಬೇಕು. ಪಕ್ಕದಲ್ಲಿ ತಣ್ಣೀರಿನ ಬಟ್ಟಲು. ಕೈ ಅದ್ದುವುದು, ನಾಲ್ಕು ಬಾರಿ ಅದುಮುವುದು, ಸುಟ್ಟಿತೆಂದು ಮತ್ತೆ ಅದ್ದುವುದು. ಆರಲಿ ಎಂದು ಕಾದರೆ ಹಿಟ್ಟು ಬಿರುಸಾಗಿ, ಲಟ್ಟಿಸುವಾಗ ಅಂಚೆಲ್ಲ ಸೀಳುತ್ತದೆ. ಚೆನ್ನಾಗಿ ನಾದಿದ ರೊಟ್ಟಿಯನ್ನು ಕಾವಲಿಯ ಮೇಲೆ ಎರಡೂ ಬದಿ ಬಾಡಿಸಿ ನೇರವಾಗಿ ಉರಿಗೆ ಹಿಡಿದರೆ ಮೊದಲು ಒಂದು ಮೂಲೆಯಲ್ಲಿ ಗುಳ್ಳೆ ಏಳುತ್ತದೆ, ಆ ಗುಳ್ಳೆ ಸರಿಯುತ್ತ ಸರಿಯುತ್ತ ಇಡೀ ರೊಟ್ಟಿ ಉಬ್ಬಿ ನಿಲ್ಲುತ್ತದೆ. ಬಾಗಿಲ ಬಳಿ ಕುಳಿತ ಅಮ್ಮ ಅಲ್ಲಿಂದಲೇ ‘ಸಾಕು, ತೆಗಿ’ ಎನ್ನುತ್ತಾಳೆ. ಅವಳ ಕಣ್ಣಿಗೆ ಈಗ ಪೇಪರಿನ ಅಕ್ಷರ ಕಾಣುವುದಿಲ್ಲ, ರೊಟ್ಟಿ ಸೀಯುವುದು ಮಾತ್ರ ಹೇಗೆ ಕಾಣುತ್ತದೆಯೋ.

ಇನ್ನೊಂದಕ್ಕೆ ಸಿದ್ಧನಾಗಿರು. ಮನೆಗೆ ಬಂದ ನೆಂಟರು ನಿನ್ನ ಸಾರನ್ನು ಹೊಗಳುತ್ತಾರೆ, ಪಾಪ ಗಂಡಸೊಬ್ಬ ಇಷ್ಟೆಲ್ಲ ಮಾಡುತ್ತಾನಲ್ಲ ಎಂದು ಮರುಗುತ್ತಾರೆ. ಅಮ್ಮ ತನ್ನ ಮಂಡಿ ಸವೆಯುವವರೆಗೆ ಇದೇ ಅಡುಗೆಮನೆಯಲ್ಲಿ ಬೇಯಿಸಿ ಹಾಕಿದ್ದಕ್ಕೆ ಒಬ್ಬರೂ ಹಾಗೆ ಮರುಗಿದ್ದನ್ನು ನಾನು ಕೇಳಿಲ್ಲ. ಆ ಹೊಗಳಿಕೆಗೆ ನಾನು ಉತ್ತರ ಕೊಡುವುದಿಲ್ಲ, ಇನ್ನೊಂದು ಸೌಟು ಬಡಿಸುತ್ತೇನೆ.

ಅನ್ನಕ್ಕೆ ನೀರೆಷ್ಟು ಎಂದು ಕೇಳಿದ್ದೆಯಲ್ಲ. ಕುಕ್ಕರಿನಲ್ಲಿ ಒಂದು ಲೋಟ ಅಕ್ಕಿಗೆ ಎರಡು ಲೋಟದಿಂದ ಶುರುಮಾಡು. ಹೊಸ ಅಕ್ಕಿಯಾದರೆ ಸ್ವಲ್ಪ ತಗ್ಗಿಸು, ಹಳೆಯ ಅಕ್ಕಿಯಾದರೆ ಸ್ವಲ್ಪ ಏರಿಸು; ಯಾವುದೆಂದು ತಿಳಿಯದಿದ್ದರೆ ಅಂಗಡಿಯವರನ್ನೇ ಕೇಳು. ಮೊದಮೊದಲು ಒಂದು ಹಿಡಿ ಜಾಸ್ತಿಯೇ ಹಾಕು. ಉಳಿದ ಅನ್ನದಿಂದ ಬೆಳಗ್ಗೆ ಚಿತ್ರಾನ್ನ ಮಾಡಿದರೆ ತಿಂಡಿಗೆ ಏನು ಎಂಬ ಯೋಚನೆಯಾದರೂ ತಪ್ಪುತ್ತದೆ.

ಇಂತಿ,
ನಿನ್ನ ಗೆಳೆಯ