ಅಮ್ಮನ ಹತ್ತನೇ ನಂಬರ್ ಕಡ್ಡಿ

ಲೋ ಗುಂಡ,

ಎಲ್ಲರೂ ಓದೋ ಕಡೆನೇ ಬರೀತಿದೀನಿ, ನಿಂಗೊಬ್ಬನಿಗೇ ಕಳಿಸಿದ್ರೆ ಬ್ಲೂ ಟಿಕ್ ಬಿದ್ದು ಅಲ್ಲಿಗೇ ಕತೆ ಮುಗಿಯುತ್ತೆ. ನಿನ್ನ ಹೆಂಡತಿ ಕೇಳಿದ್ದ ಓಲೆ ರೆಡಿ. 28 ಗೇಜ್ ತಾಮ್ರದ ತಂತಿ, 0.32 ಮಿಲಿಮೀಟರ್ ದಪ್ಪ ಅಷ್ಟೇ, ಸ್ವೆಟರ್ ಹಾಕೋ ಹಾಗೇ ಎರಡು ಕಡ್ಡೀಲಿ ಉಲ್ಟಾ ಸೀದಾ ಹೆಣೆದಿದ್ದು. ಮುಟ್ಟಿದ್ರೆ ಬಟ್ಟೆ, ಬೆಳಕಿಗೆ ಹಿಡಿದ್ರೆ ಒಡವೆ.

ಮೊದಲ ಸಾಲು ಸಲೀಸಾಗಿ ಬರುತ್ತೆ ಕಣೋ, ಆದ್ರೆ ತಾಮ್ರ ಬಗ್ಗಿಸಿದಷ್ಟೂ ಸೆಟೆದುಕೊಳ್ಳುತ್ತೆ, ಉಲ್ಲನ್ ಆಗಿದ್ರೆ ತಪ್ಪಿದ ಲೂಪ್ ಬಿಚ್ಚಿ ಮತ್ತೆ ಹಾಕ್ಬೋದಿತ್ತು, ಇದನ್ನ ಎರಡು ಸಲ ಬಿಚ್ಚಿದ್ರೆ ಮಡಿಚಿದ ಕಡೆ ಪಟ್ ಅಂತ ಕಡಿಯುತ್ತೆ. ನಮ್ಮ ಬೀದಿ ಅಕ್ಕಸಾಲಿ ಹೇಳ್ಕೊಟ್ರು, ಮಂಕು ಕೆಂಪಿಗೆ ಬರೋವರೆಗೆ ಕಾಯಿಸಿ ನೀರಿಗೆ ಅದ್ದಮ್ಮ ಅಂತ. ಚುಂಯ್ ಅಂದು ಮೇಲೆ ಬಂದಾಗ ಮತ್ತೆ ಮೆತ್ತಗೆ! ಆದ್ರೆ ಬಣ್ಣದ ಲೇಪ ಇರೋ ತಂತಿಗೆ ಬೆಂಕಿ ತೋರಿಸೋ ಹಾಗಿಲ್ಲ. ಅಂಥ ತಂತೀಲೇ ಅಮೆರಿಕದ ಕಲಾವಿದೆ ಅರ್ಲೀನ್ ಫಿಶ್ ದೊಡ್ಡ ದೊಡ್ಡ ಲೋಳೆಮೀನು ಹೆಣೆದಿದ್ರು, ಫೋಟೋ ನೋಡಿದ ದಿನ ನಂಗೆ ನಿದ್ದೆ ಬರ್ಲಿಲ್ಲ. ಇನ್ನೊಂದು ಗೊತ್ತಾ, ಹಳೇ ಕಾಲದ ಉತ್ತರ ಯುರೋಪಿನ ವೈಕಿಂಗರ ಬೆಳ್ಳಿ ಸರಗಳಲ್ಲೂ ನೋಡೋಕೆ ಇಂಥದ್ದೇ ತಂತಿ ಹೆಣಿಗೆ ಇದೆ, ಅವಕ್ಕೆ ಇಂಗ್ಲಿಷರು ಇಟ್ಟ ಹೆಸರು ಟ್ರಿಚಿನಾಪೊಲಿ, ಅಂದ್ರೆ ನಮ್ಮ ತಿರುಚಿರಾಪಳ್ಳಿ, ಅಲ್ಲಿನ ಸರಗಳ ಥರ ಕಾಣಿಸ್ತು ಅಂತ. ಅದು ಎರಡು ಕಡ್ಡಿ ಹೆಣಿಗೆ ಅಲ್ಲ, ತುಂಡು ತಂತೀನ ಒಂದೊಂದೇ ಕುಣಿಕೆಯೊಳಗೆ ತೂರಿಸಿ ತೂರಿಸಿ ಮಾಡೋದು, ಕೊನೆಗೆ ಮರದ ಹಲಗೆ ತೂತಲ್ಲಿ ಎಳೆದ್ರೆ ಸರ ಉದ್ದ ಆಗಿ ಒಂದೇ ಸಮ ಆಗುತ್ತೆ. ಮುಂದಿನ ಸಲ ಅದನ್ನೇ ಮಾಡೋದು.

ಆದ್ರೆ ಹೇಳ್ಬೇಕಂತ ಕೂತಿದ್ದು ಇದಲ್ಲ. ನಾನು ಹೆಣೀತಿರೋ ಕಡ್ಡಿ ಅಮ್ಮಂದು. ಹತ್ತನೇ ನಂಬರ್, ಅಲ್ಯೂಮಿನಿಯಂ, ಹೋದ ದೀಪಾವಳಿಗೆ ಸಾಗರಕ್ಕೆ ಹೋದಾಗ ಟ್ರಂಕಿಂದ ತಗೊಂಡು ಬಂದಿದ್ದು. ಈಗ ತಂಗಿಗೆ ಏಳು ತಿಂಗಳು, ಪಾಪುಗೆ ಟೋಪಿ ಹಾಕ್ತೀನಿ ಕಡ್ಡಿ ಎಲ್ಲಿ ಅಂತ ಅಮ್ಮ ಪ್ರತಿ ಭಾನುವಾರ ಕೇಳ್ತಾಳೆ, ಹುಡುಕ್ತೀನಿ ಅಂತೀನಿ. ನಿನ್ನೆ ಕಿಟಕಿ ಹತ್ರ ಹಿಡಿದು ನೋಡಿದೆ. ತಂತಿ ಉಜ್ಜಿ ಉಜ್ಜಿ ತುದಿಯ ನೀಲಿ ಬಣ್ಣ ಪೂರ್ತಿ ಹೋಗಿದೆ, ಉಗುರು ಎಳೆದ್ರೆ ಗೀರು ಗೀರು, ಉಲ್ಲನ್ ಹಾಕಿದ್ರೆ ಎಳೆ ಎಳೆಯಾಗಿ ಸಿಕ್ಕೊಳ್ಳುತ್ತೆ.

ಕಡ್ಡಿ ಹೊಸದು ಸಿಗುತ್ತೆ ಕಣೋ. ಆದ್ರೆ ಟ್ರಂಕ್ ತೆಗೆದಾಗ ನಾನು ಕೇಳ್ಲೇ ಇಲ್ಲ. ಅಮ್ಮನ ಕೈ ನಡುಗುತ್ತಲ್ಲ, ಇನ್ನೇನು ಹೆಣೀತಾಳೆ ಅಂದ್ಕೊಂಡೆ. ಅವಳು ಅಡುಗೆಮನೇಲಿ ನಂಗೋಸ್ಕರ ಕಡುಬು ಮಾಡ್ತಿದ್ಲು, ನಾನು ರೂಮಲ್ಲಿ ಅವಳ ಕೆಲಸ ಮುಗೀತು ಅಂತ ತೀರ್ಮಾನ ಮಾಡಿ ಬ್ಯಾಗಿಗೆ ಹಾಕ್ಕೊಂಡೆ. ಅವಳಿಗೆ ಅದು ಗೊತ್ತಾಗ್ಬಿಟ್ಟಿದೆ ಅನ್ಸುತ್ತೆ, ಅದಕ್ಕೇ ಬಿಡದೇ ಕೇಳ್ತಿರೋದು. ಇದನ್ನ ತಂಗಿಗೂ ಹೇಳಿಲ್ಲ, ಇಲ್ಲಿ ಬರೆದುಬಿಟ್ಟೆ ನೋಡು.

ಸರಿ ಬಿಡು. ಈ ಭಾನುವಾರ ಹೊಸ ಕಡ್ಡಿ, ನಾಲ್ಕು ಉಂಡೆ ಹಳದಿ ಉಲ್ಲನ್ ತಗೊಂಡು ನಾನೇ ಊರಿಗೆ ಹೋಗ್ತಿದೀನಿ, ಹಳೇದನ್ನೂ ಒಯ್ತೀನಿ, ತೋರಿಸ್ತೀನಿ. ಓಲೆ ನಾಳೆ ಕೊರಿಯರ್ ಆಗುತ್ತೆ, ಹಾಕ್ಕೊಂಡು ಮಲಗೋದು ಬೇಡ ಅಂತ ಹೇಳು, ಕೂದಲು ಸಿಕ್ಕೊಳ್ಳುತ್ತೆ.