ಜೆವೇಲ್ ಬಳಸಿದ್ದು ವೇಗದ ಕ್ಯಾಮೆರಾ ಅಲ್ಲ

ಸಂಪಾದಕರಿಗೆ,

1999ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಡೆದ ಅಹ್ಮದ್ ಜೆವೇಲ್ ಅವರನ್ನು ‘ಜಗತ್ತಿನ ಅತಿ ವೇಗದ ಕ್ಯಾಮೆರಾ ಮಾಡಿದವರು’ ಎಂದೇ ಪರಿಚಯಿಸುವುದು ರೂಢಿಯಾಗಿದೆ. ಹಾಗೆಂದಾಗ ಅವರ ಜಾಣ್ಮೆಯೇ ಮರೆಗೆ ಸರಿಯುತ್ತದೆ. ಸೆಕೆಂಡನ್ನು ನೂರು ಕೋಟಿ ಭಾಗ ಮಾಡಿ, ಅದರಲ್ಲೊಂದನ್ನು ಮತ್ತೆ ಹತ್ತು ಲಕ್ಷ ಭಾಗ ಮಾಡಿದರೆ ಸಿಗುವುದು ಫೆಮ್ಟೋಸೆಕೆಂಡ್. ಅಷ್ಟು ಚುರುಕಿನ ಡಿಟೆಕ್ಟರ್ (ಬೆಳಕನ್ನು ಗುರುತಿಸುವ ಸಾಧನ) ಅವರ ಬಳಿ ಇರಲಿಲ್ಲ. ಅವರು ಕಾಲವನ್ನು ದೂರದಿಂದ ಅಳೆದರು.

ಈಜಿಪ್ಟಿನ ದಮನ್‌ಹೂರ್‌ನಲ್ಲಿ 1946ರಲ್ಲಿ ಹುಟ್ಟಿ, ಅಲೆಕ್ಸಾಂಡ್ರಿಯಾ, ಪೆನ್ಸಿಲ್ವೇನಿಯಾಗಳಲ್ಲಿ ಓದಿದ ಜೆವೇಲ್ 1976ರಲ್ಲಿ ಅಮೆರಿಕದ ಕ್ಯಾಲ್ಟೆಕ್ (ಕ್ಯಾಲಿಫೋರ್ನಿಯಾ ತಂತ್ರಜ್ಞಾನ ಸಂಸ್ಥೆ) ಸೇರಿದರು. ಅಲ್ಲಿ 1987ರಲ್ಲಿ ಅಯೊಡಿನ್ ಸಯನೈಡ್ ಅಣು ಮುರಿಯುವುದನ್ನು ಅಳೆದ ಕ್ರಮ ಹೀಗಿತ್ತು. ಸುಮಾರು 306 ನ್ಯಾನೋಮೀಟರ್ ತರಂಗಾಂತರದ ಒಂದು ಲೇಸರ್ ಪಲ್ಸ್ (ಕ್ಷಣಮಾತ್ರದ ಬೆಳಕಿನ ಮಿಡಿತ) ಅಣುವಿನ ಬಂಧವನ್ನು ಮುರಿಯಲು ಶುರುಮಾಡುತ್ತದೆ. ತುಸು ತಡವಾಗಿ ಬರುವ, ಸುಮಾರು 388 ನ್ಯಾನೋಮೀಟರಿನ ಇನ್ನೊಂದು ಪಲ್ಸ್ ಬಿಡುಗಡೆಯಾದ ಸಯನೈಡ್ ಚೂರನ್ನು ಹೊಳೆಯಿಸುತ್ತದೆ. ಹೊಳಪನ್ನು ನಿಧಾನದ ಡಿಟೆಕ್ಟರ್ ಎಣಿಸಿದರೂ ಸಾಕು. ತಡವನ್ನು ನಿರ್ಧರಿಸುವುದು ಸರಿದಾಡುವ ಕನ್ನಡಿ: ಬೆಳಕು ಫೆಮ್ಟೋಸೆಕೆಂಡಿಗೆ 0.3 ಮೈಕ್ರೋಮೀಟರ್ ಸಾಗುತ್ತದೆ, ಕನ್ನಡಿ 15 ಮೈಕ್ರೋಮೀಟರ್ ಹಿಂದೆ ಸರಿದರೆ ಹೋಗಿಬರುವ ದಾರಿ 30 ಮೈಕ್ರೋಮೀಟರ್ ಉದ್ದವಾಗಿ ತಡ 100 ಫೆಮ್ಟೋಸೆಕೆಂಡ್ ಆಗುತ್ತದೆ. ಹೋಗಿಬರುವ ದಾರಿ ಎಂಬುದನ್ನು ಮರೆತರೆ ಉತ್ತರ ಅರ್ಧಕ್ಕಿಳಿಯುತ್ತದೆ. ಅಣು ಮುರಿಯಲು ಹಿಡಿದದ್ದು ಸುಮಾರು 200 ಫೆಮ್ಟೋಸೆಕೆಂಡ್, ಅಂದರೆ ಕನ್ನಡಿಯ 30 ಮೈಕ್ರೋಮೀಟರ್ ಚಲನೆ.

ಅಳತೆ ಕೆಡುವ ಜಾಗಗಳೂ ಇವೆ. ಮಸೂರ, ಕಿಟಕಿಗಳ ಗಾಜು ಪಲ್ಸನ್ನು ಹಿಗ್ಗಿಸುತ್ತದೆ. 306 ನ್ಯಾನೋಮೀಟರಿನ ಪಲ್ಸ್ ಗಾಜಿನಲ್ಲಿ ಇನ್ನೊಂದಕ್ಕಿಂತ ಹಿಂದೆ ಬೀಳುತ್ತದೆ. ಹಾಗಾಗಿ ಎರಡೂ ಒಟ್ಟಿಗೆ ತಲುಪುವ ಸೊನ್ನೆ ಕ್ಷಣವನ್ನು ಅಳೆಯುವ ಅಣುಗಳ ಅನಿಲವಿರುವ ಕಡೆಯೇ ಗುರುತಿಸಬೇಕು. ಕನ್ನಡಿ ಸರಿಯುವಾಗ ಕಿರಣ ಕೂದಲೆಳೆಯಷ್ಟು ಓರೆಯಾದರೂ ಹೊಳಪು ಕುಗ್ಗಿ, ಅದೇ ರಾಸಾಯನಿಕ ಕ್ರಿಯೆಯಂತೆ ಕಂಡು ದಾರಿ ತಪ್ಪಿಸುತ್ತದೆ.

ಇನ್ನೂ ದೊಡ್ಡ ಸಾಧನೆ ಬೇರೆಯೇ ಇದೆ. ಕೋಟ್ಯಂತರ ಅಣುಗಳು ತಮ್ಮ ತಮ್ಮ ತಾಳದಲ್ಲಿ ಕಂಪಿಸುತ್ತಿದ್ದರೆ ಏನೂ ಕಾಣದು. ಕಿರು ಅವಧಿಯ ಪಲ್ಸಿನ ಶಕ್ತಿ ಒಂದೇ ಮೌಲ್ಯದಲ್ಲಿ ನಿಲ್ಲದೆ ಹರಡಿಕೊಂಡಿರುತ್ತದೆ, ಅದರಿಂದ ವಿವರ ಮಸುಕಾಗುತ್ತದೆ ಎಂಬ ಆಕ್ಷೇಪವಿತ್ತು. ಆದರೆ ಆ ಹರವೇ ಅಣುಗಳನ್ನೆಲ್ಲ ಒಂದೇ ಹೆಜ್ಜೆಗೆ ತರುತ್ತದೆ ಎಂದು ಜೆವೇಲ್ ತಂಡ ತೋರಿಸಿತು. ಸೋಡಿಯಂ ಅಯೊಡೈಡ್‌ನಲ್ಲಿ ಬಂಧ ಸುಮಾರು 1.25 ಪಿಕೋಸೆಕೆಂಡಿಗೊಮ್ಮೆ (ಅಂದರೆ 1,250 ಫೆಮ್ಟೋಸೆಕೆಂಡಿಗೊಮ್ಮೆ) ಹಿಗ್ಗಿ ಕುಗ್ಗುತ್ತದೆ. ಹಿಗ್ಗಿದಾಗಲೆಲ್ಲ ಸುಮಾರು ಹತ್ತರಲ್ಲೊಂದು ಪಾಲು ಒಡೆದು ಹೋಗುತ್ತದೆ. ಹಳೆಯ ಸೋಡಿಯಂ ಬೀದಿದೀಪಗಳ ಹಳದಿಯಾದ 589 ನ್ಯಾನೋಮೀಟರಿನಲ್ಲಿ ಬಿಡಿ ಸೋಡಿಯಂ ಎಣಿಸಿದರೆ ತಡದ ಎದುರು ಬರೆದ ನಕ್ಷೆ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ.

ಜೆವೇಲ್ ಬಗ್ಗೆ ಮುಂದೆ ಪ್ರಕಟಿಸುವಾಗ ಭಾವಚಿತ್ರದ ಪಕ್ಕದಲ್ಲಿ ಈ ನಕ್ಷೆಯನ್ನೂ ದಯವಿಟ್ಟು ಹಾಕಿ. ಎರಡು ಮೆಟ್ಟಿಲುಗಳ ನಡುವಿನ ಅಂತರವನ್ನು ಪಿಯುಸಿ ವಿದ್ಯಾರ್ಥಿಯೂ ಸ್ಕೇಲಿಟ್ಟು ಅಳೆಯಬಲ್ಲ.

– ರಸಾಯನಶಾಸ್ತ್ರ ಅಧ್ಯಾಪಕರು, ಮೈಸೂರು