ಮನೆಯ ಮಿಕ್ಸಿಂಗ್‌ನಲ್ಲಿ ಗಮಕ ಕಳೆದುಹೋಗದಿರಲಿ

ಮಾನ್ಯ ಸಂಪಾದಕರೇ,

ಸ್ಟುಡಿಯೊ ಬಾಡಿಗೆಗೆ ಅಂಜಿ ಧ್ವನಿಮುದ್ರಣದ ಆಸೆಯನ್ನೇ ಕೈಬಿಡುತ್ತಿದ್ದ ಗಾಯಕರು ಈಗ ಮನೆಯ ಕೋಣೆಯಲ್ಲೇ ಭಾವಗೀತೆ, ದೇವರನಾಮ, ವಚನಗಳನ್ನು ಮುದ್ರಿಸಿಕೊಂಡು, ತಾವೇ ಮಿಕ್ಸ್ ಮಾಡಿ (ದನಿ, ವಾದ್ಯಗಳನ್ನು ಹದವಾಗಿ ಬೆರೆಸಿ) ಯೂಟ್ಯೂಬಿಗೆ ಏರಿಸುತ್ತಿರುವುದು ಸಂತೋಷದ ಸಂಗತಿ. ಇದಕ್ಕೆ ಬೇಕಾದ ತಂತ್ರಾಂಶಕ್ಕೆ ಬರವಿಲ್ಲ. ಆಡಾಸಿಟಿ 2000ದಿಂದಲೂ ಉಚಿತವಾಗಿ ಸಿಗುತ್ತಿದೆ, ಆಪಲ್ ಕಂಪ್ಯೂಟರ್ ಇದ್ದವರಿಗೆ ಗ್ಯಾರೇಜ್‌ಬ್ಯಾಂಡ್ ಇದೆ, ರೀಪರ್ ಎಂಬ ತಂತ್ರಾಂಶವನ್ನು 60 ದಿನ ಹಣ ಕೊಡದೆ ಬಳಸಿ ನೋಡಬಹುದು. ಆದರೆ ಇವುಗಳಲ್ಲಿ ಮತ್ತು ಇವುಗಳಿಗೆ ಜೋಡಿಸುವ ಪ್ಲಗಿನ್‌ಗಳಲ್ಲಿ ಸಿದ್ಧವಾಗಿ ಬರುವ ‘ಪ್ರೀಸೆಟ್’ಗಳು, ಅಂದರೆ ಮೊದಲೇ ಹೊಂದಿಸಿಟ್ಟ ಅಳವಡಿಕೆಗಳು, ಬಹುಮಟ್ಟಿಗೆ ಪಾಶ್ಚಾತ್ಯ ಪಾಪ್ ಸಂಗೀತವನ್ನು ಮನಸ್ಸಿನಲ್ಲಿಟ್ಟುಕೊಂಡು ರೂಪಿಸಿದವು. ಅವುಗಳನ್ನು ಯೋಚಿಸದೆ ನಮ್ಮ ಹಾಡಿಗೆ ಹಚ್ಚಿದರೆ ಏನೇನು ಕಳೆದುಹೋಗುತ್ತದೆ ಎಂಬುದನ್ನು ಸಂಗೀತ ಕಲಿಸುವವರಾದ ನಾವು ಗಂಭೀರವಾಗಿ ಚರ್ಚಿಸಿಯೇ ಇಲ್ಲ.

ಎಲ್ಲಕ್ಕಿಂತ ಹೆಚ್ಚಿನ ಹಾನಿ ಆಗುತ್ತಿರುವುದು ಶ್ರುತಿ ತಿದ್ದುವ ಉಪಕರಣದಿಂದ. ಆಟೊ-ಟ್ಯೂನ್ 1997ರಲ್ಲಿ ಮಾರುಕಟ್ಟೆಗೆ ಬಂದಂದಿನಿಂದ ಈ ಬಗೆಯ ತಂತ್ರಾಂಶಗಳು ಮಾಡುವ ಕೆಲಸ ಸರಳವಾದದ್ದು: ಹಾಡಿದ ಸ್ವರವನ್ನು ಅಳೆದು, ಅದಕ್ಕೆ ಹತ್ತಿರದ ನಿಗದಿತ ಸ್ವರಸ್ಥಾನಕ್ಕೆ ಎಳೆದು ಕೂರಿಸುವುದು. ತೋಡಿ ರಾಗದ ಗಾಂಧಾರ ಹೀಗೆ ಒಂದೆಡೆ ಕೂರುವ ಸ್ವರವೇ ಅಲ್ಲ; ರಿಷಭ ಮಧ್ಯಮಗಳ ನಡುವಿನ ತೂಗಾಟದಲ್ಲೇ ಅದರ ಇರವು. ತಿದ್ದುವ ವೇಗವನ್ನು ಹೆಚ್ಚಿಗೆ ಇಟ್ಟು ಆ ಜಾಗವನ್ನು ತಂತ್ರಾಂಶದ ಕೈಗೆ ಕೊಟ್ಟರೆ ಕಂಪಿತ, ಅಂದರೆ ಸ್ವರವನ್ನು ತೂಗಿ ಹಾಡುವ ಗಮಕ, ಇದ್ದಲ್ಲಿ ಮೆಟ್ಟಿಲುಗಳು ಉಳಿಯುತ್ತವೆ. ನಿಂತ ಸ್ವರಗಳೂ ಪಾರಾಗುವುದಿಲ್ಲ. ಚೆನ್ನಾಗಿ ಶ್ರುತಿ ಮಾಡಿದ ತಂಬೂರಿಯ ಷಡ್ಜದ ತಂತಿಯಿಂದ ತಾನಾಗಿಯೇ ಹೊಮ್ಮುವ ಸ್ವಯಂಭೂ ಗಾಂಧಾರವು, ಸ್ಥಾಯಿಯನ್ನು 12 ಸಮಭಾಗ ಮಾಡಿದ ಕೀಬೋರ್ಡಿನ ಗಾಂಧಾರಕ್ಕಿಂತ ಸುಮಾರು 14 ಸೆಂಟ್‌ನಷ್ಟು ತಗ್ಗಿನಲ್ಲಿರುತ್ತದೆ. ಸೆಂಟ್ ಎಂದರೆ ಸ್ಥಾಯಿಯ 1200ರಲ್ಲಿ ಒಂದು ಭಾಗ. ಹೀಗಾಗಿ ತಂಬೂರಿಗೆ ಕಿವಿಗೊಟ್ಟು ಶುದ್ಧವಾಗಿ ಹಾಡಿದ ಗಾಯಕಿಯನ್ನೇ ತಂತ್ರಾಂಶವು ಅಪಶ್ರುತಿಯೆಂದು ಬಗೆದು, ಗಾಂಧಾರವನ್ನು ಮೇಲಕ್ಕೆ ಎತ್ತಿಬಿಡುತ್ತದೆ. ಆ ಮೇಲೆ ತಂಬೂರಿಗೂ ಗಾಯನಕ್ಕೂ ಕೂಡಿಬರುವುದಿಲ್ಲ! ಒಂದು ಸಾಲು ನಿಜವಾಗಿಯೂ ಜಾರಿದ್ದರೆ ಅದನ್ನು ಮತ್ತೊಮ್ಮೆ ಹಾಡುವುದೇ ಮೇಲು. ಅದು ಸಾಧ್ಯವೇ ಇಲ್ಲದಾಗ, ಬಿಡಿ ಸ್ವರವೊಂದನ್ನೇ ಆರಿಸಿ ಕೈಯಿಂದ ತಿದ್ದಲು ಬರುವ ಮೆಲೊಡೈನ್‌ನಂಥ ಉಪಕರಣವನ್ನು ಆ ಒಂದು ಜಾಗಕ್ಕೆ ಮಾತ್ರ ಬಳಸಬಹುದು.

ಗದ್ದಲ ತೆಗೆಯುವ ಸೌಲಭ್ಯದ ಕಥೆಯೂ ಇದಕ್ಕಿಂತ ಬೇರೆಯಲ್ಲ. ಆಡಾಸಿಟಿಯಲ್ಲಿ ಹಾಡಿಲ್ಲದ ಒಂದು ತುಣುಕನ್ನು ಮಾದರಿಯಾಗಿ ತೋರಿಸಿದರೆ, ಅದರಲ್ಲಿರುವ ಸದ್ದನ್ನು ಅದು ಇಡೀ ಮುದ್ರಣದಲ್ಲಿ ತಗ್ಗಿಸುತ್ತದೆ. ಆ ತುಣುಕಿನಲ್ಲಿ ಫ್ಯಾನಿನ ಸದ್ದಿನ ಜೊತೆಗೆ ತಂಬೂರಿಯೂ ಮಿಡಿಯುತ್ತಿದ್ದರೆ ಎರಡೂ ಒಟ್ಟಿಗೆ ಹೋಗುತ್ತವೆ. ಕೊರೊನಾ ಕಾಲದಲ್ಲಿ ಆನ್‌ಲೈನ್ ಪಾಠ ಮಾಡಿದ ಶಿಕ್ಷಕರಿಗೆ ಇದು ಹೊಸತಲ್ಲ. ವಿಡಿಯೊ ಕರೆಯ ತಂತ್ರಾಂಶಗಳೂ ಎಡೆಬಿಡದ ಶ್ರುತಿಯನ್ನು ಗದ್ದಲವೆಂದೇ ತಿಳಿದು ನುಂಗಿಹಾಕುತ್ತಿದ್ದವು. ಮುದ್ರಿಸುವಾಗ ಗಾಯಕರು ಹೆಡ್‌ಫೋನಿನಲ್ಲಿ ಶ್ರುತಿ ಕೇಳಿಕೊಂಡು ಹಾಡಿ, ತಂಬೂರಿಯನ್ನು ಬೇರೆಯೇ ಟ್ರ್ಯಾಕ್‌ನಲ್ಲಿ ಇಟ್ಟುಕೊಂಡರೆ ಈ ತೊಡಕೇ ಇರದು.

ಇನ್ನು ಹಾಡು ಉಳಿದವರದಕ್ಕಿಂತ ಜೋರಾಗಿ ಕೇಳಿಸಬೇಕೆಂಬ ಹುಚ್ಚು. ಪಲ್ಲವಿಯನ್ನು ಮೆಲುದನಿಯಲ್ಲಿ ಎತ್ತಿಕೊಂಡು ಅನುಪಲ್ಲವಿಯಲ್ಲಿ ತಾರಸ್ಥಾಯಿಗೆ ಏರುವ ಹಾಡಿನ ಏರಿಳಿತವನ್ನು ಕಂಪ್ರೆಸರ್‌ನಿಂದ ಒತ್ತಿ ಒಂದೇ ಮಟ್ಟಕ್ಕೆ ತಂದರೆ ಗಾಯನದ ಉಸಿರು ಕಟ್ಟುತ್ತದೆ. ಮೆಲುದನಿಯನ್ನು ಎತ್ತಿದಾಗ ಅದರೊಂದಿಗೆ ಅಡುಗೆಮನೆಯ ಕುಕ್ಕರ್ ಸೀಟಿಯೂ ಎದ್ದು ಬರುತ್ತದೆ. ಇಷ್ಟು ಮಾಡಿಯೂ ಲಾಭವಿಲ್ಲ. ಸ್ಪಾಟಿಫೈ ಸಾಮಾನ್ಯವಾಗಿ ಹಾಡುಗಳನ್ನು ಮೈನಸ್ 14 ಎಲ್‌ಯುಎಫ್‌ಎಸ್ (ಕಿವಿಗೆ ಕೇಳಿಸುವ ಜೋರಿನ ಅಳತೆ) ಎಂಬ ಮಟ್ಟದ ಆಸುಪಾಸಿಗೆ ತಂದು ಕೇಳಿಸುತ್ತದೆ, ಅತಿ ಜೋರಾದುದನ್ನು ಯೂಟ್ಯೂಬ್ ಕೂಡ ತಾನೇ ತಗ್ಗಿಸುತ್ತದೆ. ಮುದ್ರಿಸುವಾಗ 24 ಬಿಟ್‌ನಲ್ಲಿ, ತೀರಾ ಜೋರಾದ ಜಾಗವೂ ಮೀಟರಿನ ಮೇಲ್ಮಿತಿಯಾದ ಸೊನ್ನೆಗಿಂತ ಕೆಳಗೆ, ಮೈನಸ್ 12 ಡೆಸಿಬೆಲ್ ಸುಮಾರಿಗೆ ನಿಲ್ಲುವಂತೆ ನೋಡಿಕೊಂಡರೆ ಸಾಕು, ಮೀಟರ್ ಕೆಂಪು ತೋರಿಸಬೇಕಾಗಿಲ್ಲ.

ವಚನ ಗಾಯನಕ್ಕೆ ‘ದೊಡ್ಡ ಸಭಾಂಗಣ’ ಎಂಬ ಪ್ರೀಸೆಟ್ ಹಚ್ಚಿ ಮೂರು ಸೆಕೆಂಡ್ ಮಾರ್ದನಿ ಹರಡುವವರ ಬಗ್ಗೆಯೂ ನನ್ನ ತಕರಾರಿದೆ. ಮಾತೇ ಮುಖ್ಯವಾದ ಪ್ರಕಾರದಲ್ಲಿ ಒಂದು ಪದದ ಬಾಲ ಮುಂದಿನ ಪದದ ಒತ್ತಕ್ಷರದ ಮೇಲೆ ಬಿದ್ದು, ಕೇಳುಗರು ಸಾಹಿತ್ಯವನ್ನು ಊಹಿಸಬೇಕಾಗುತ್ತದೆ. ಮಾರ್ದನಿಯನ್ನು ಒಂದು ಸೆಕೆಂಡಿನ ಸುಮಾರಿಗೆ ಇಳಿಸಿ, ಅದು ಧ್ವನಿಗಿಂತ 20–30 ಮಿಲಿಸೆಕೆಂಡ್ ತಡವಾಗಿ ಶುರುವಾಗುವಂತೆ ಇಟ್ಟರೆ ಅಕ್ಷರಗಳು ಬಿಡಿಬಿಡಿಯಾಗಿ ಕೇಳಿಸುತ್ತವೆ. ಮೃದಂಗದ ವಿಷಯದಲ್ಲಿ ಎಚ್ಚರ ಬೇಕಾದದ್ದು ಎಡಮುಖಕ್ಕೆ. ಲ್ಯಾಪ್‌ಟಾಪಿನ ಪುಟ್ಟ ಸ್ಪೀಕರಿನಲ್ಲಿ ಗುಮ್ಕಿ (ಎಡಮುಖದ ತಗ್ಗಿನ ನಾದ) ಕೇಳಿಸಲಿಲ್ಲವೆಂದು ತಗ್ಗಿನ ಭಾಗವನ್ನು ಏರಿಸಿದವರ ಮಿಕ್ಸ್, ದೊಡ್ಡ ಸ್ಪೀಕರಿನಲ್ಲಿ ಹಾಡನ್ನೇ ಮುಳುಗಿಸುವಷ್ಟು ಗುಡುಗುತ್ತದೆ. ಹೆಡ್‌ಫೋನ್, ಮೊಬೈಲ್, ಕಾರು, ಈ ಮೂರರಲ್ಲೂ ಕೇಳಿ ನೋಡದೆ ಯಾವ ಮಿಕ್ಸನ್ನೂ ಮುಗಿಯಿತೆನ್ನಬಾರದು.

ಕೋಣೆಯ ಗೋಡೆಗೆ ಮೊಟ್ಟೆಯ ಟ್ರೇ ಅಂಟಿಸುವುದರಿಂದ ಹೊರಗಿನ ಸದ್ದು ನಿಲ್ಲುವುದೂ ಇಲ್ಲ, ಒಳಗಿನ ಮಾರ್ದನಿ ಹೇಳಿಕೊಳ್ಳುವಷ್ಟು ತಗ್ಗುವುದೂ ಇಲ್ಲ. ಹಾಡುವವರ ಬೆನ್ನ ಹಿಂದೆ ಎರಡು ದಪ್ಪ ಕೌದಿ ಇಳಿಬಿಟ್ಟರೆ ಅದಕ್ಕಿಂತ ಹೆಚ್ಚು ಪ್ರಯೋಜನ.

ಇಷ್ಟನ್ನೂ ಕನ್ನಡದಲ್ಲಿ, ನಮ್ಮದೇ ರಾಗ ಮತ್ತು ವಾದ್ಯಗಳ ಉದಾಹರಣೆಯೊಂದಿಗೆ ಕಲಿಸುವ ವ್ಯವಸ್ಥೆ ಬೇಕು. ಗಿಟಾರ್ ಮತ್ತು ಡ್ರಮ್ಸ್ ಇಟ್ಟುಕೊಂಡು ವಿವರಿಸುವ ಪಾಠಗಳು ಇಂಗ್ಲಿಷಿನಲ್ಲಿ ಹೇರಳವಾಗಿವೆ, ಆದರೆ ತಂಬೂರಿಯನ್ನು ಮಿಕ್ಸ್‌ನಲ್ಲಿ ಎಷ್ಟು ಜೋರಾಗಿ ಇಡಬೇಕೆಂದು ಅವು ಹೇಳಿಕೊಡುವುದಿಲ್ಲ. ಮೈಸೂರಿನಲ್ಲಿರುವ ಡಾ. ಗಂಗೂಬಾಯಿ ಹಾನಗಲ್ ಸಂಗೀತ ವಿಶ್ವವಿದ್ಯಾಲಯವು ಇದಕ್ಕೊಂದು ಕಿರು ಸರ್ಟಿಫಿಕೇಟ್ ಕೋರ್ಸ್ ರೂಪಿಸುವ ಬಗ್ಗೆ ಯೋಚಿಸಬೇಕು. ಕರ್ನಾಟಕ ಸಂಗೀತ ನೃತ್ಯ ಅಕಾಡೆಮಿಯು ಜಿಲ್ಲಾ ಕೇಂದ್ರಗಳಲ್ಲಿ ಎರಡು ದಿನದ ಶಿಬಿರಗಳನ್ನು ನಡೆಸಿ, ಹಿರಿಯ ಧ್ವನಿ ತಂತ್ರಜ್ಞರನ್ನೂ ವಿದ್ವಾಂಸರನ್ನೂ ಒಂದೇ ಕಂಪ್ಯೂಟರಿನ ಮುಂದೆ ಕೂರಿಸಲಿ. ಶಿಬಿರಕ್ಕೆ ಬರುವವರು ತಮ್ಮ ಮನೆಯಲ್ಲಿ ಮುದ್ರಿಸಿದ ಹಾಡನ್ನೇ ತರಬೇಕೆಂಬ ಷರತ್ತು ಇದ್ದರೆ ಇನ್ನೂ ಒಳ್ಳೆಯದು.

– ಸಂಗೀತ ಶಿಕ್ಷಕಿ, ಶಿವಮೊಗ್ಗ